ಹೈದರನ ಹೆಸರಿನ ಹಡಗು

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ನಮ್ಮ ಹೈದರ್ ಅಲಿಯ ಹೆಸರು ಹೊತ್ತ ಹಡಗೊಂದು ಕಾದಿತ್ತು. ಕಾದು ಗೆದ್ದೂ ಇತ್ತು. ಈ ಸಂಗತಿ ತಿಳಿದ ಮೇಲೆ ದೇವನಹಳ್ಳಿಯ ಕೋಟೆ ನನಗೆ ಬೇರೆಯೇ ಆಗಿ ಕಾಣತೊಡಗಿತು.

ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ತಿರುವು ದಾಟಿ ಸ್ವಲ್ಪ ಮುಂದೆ ಹೋದರೆ ದೇವನಹಳ್ಳಿ ಪೇಟೆ. ಬಸ್ಸಿಳಿದು ಹೂವಿನಂಗಡಿ, ಬೇಕರಿ, ಗೊಬ್ಬರದಂಗಡಿಗಳ ನಡುವೆ ನಡೆಯುತ್ತಿದ್ದ ಹಾಗೆಯೇ ಕಲ್ಲಿನ ಕೊತ್ತಲವೊಂದು ದಿಢೀರನೆ ಎದುರು ನಿಲ್ಲುತ್ತದೆ. 1501ರಲ್ಲಿ ಆವತಿಯ ಮಲ್ಲಬೈರೇಗೌಡ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಈಗ ಕಾಣುವ ಕಲ್ಲಿನ ಕೋಟೆ ಹೈದರ್ ಮತ್ತು ಟಿಪ್ಪು ಕಾಲದ್ದು. ಸುಮಾರು 20 ಎಕರೆಯ ಮೊಟ್ಟೆಯಾಕಾರ, ಸುತ್ತಲೂ ಅರೆವೃತ್ತದ ಕೊತ್ತಲಗಳು. ಒಳಗೆ ಹೊಕ್ಕರೆ ಹಾಳು ಸುರಿಯುವ ಕೋಟೆಯಲ್ಲ ಇದು. ಜನ ವಾಸವಾಗಿದ್ದಾರೆ, ಬಾಗಿಲ ಮುಂದೆ ರಂಗೋಲಿ ಇದೆ, ಹುಡುಗರು ಸೈಕಲ್ ತುಳಿಯುತ್ತಾರೆ. ವೇಣುಗೋಪಾಲಸ್ವಾಮಿ ದೇವಸ್ಥಾನದ ಹೊರಗೋಡೆಯ ಮೇಲೆ ರಾಮಾಯಣದ ಕಥೆ ಸಾಲು ಸಾಲಾಗಿ ಕೆತ್ತಿಸಿಕೊಂಡು ನಿಂತಿದೆ.

ಕೋಟೆಗೋಡೆ ಹತ್ತಿದೆ. ಬಡಗಣಕ್ಕೆ ನಂದಿಬೆಟ್ಟ, ತೆಂಕಣಕ್ಕೆ ಇಳಿಯುತ್ತಿರುವ ವಿಮಾನ. ಫಿರಂಗಿ ಮೂತಿ ಚಾಚಲೆಂದು ಬಿಟ್ಟ ಕಿಂಡಿಯೊಂದರಲ್ಲಿ ಹಣಕಿ ನೋಡಿದರೆ ಕಣ್ಣಿಗೆ ಬೀಳುವುದು ಹೊಸ ಬಡಾವಣೆಯ ನೀರಿನ ಟ್ಯಾಂಕು.

1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ಈ ಕೋಟೆಗೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಎಳೆದ ಆ ಮುತ್ತಿಗೆಯಲ್ಲಿ, ತನ್ನದೆಂದು ಹೇಳಿಕೊಳ್ಳುವಂಥ ಯಾವ ಪದವಿಯೂ ಇಲ್ಲದ ಒಬ್ಬ ಸವಾರ ದಳವಾಯಿಯ ಕಣ್ಣಿಗೆ ಬಿದ್ದ. ಬಹುಮಾನವಾಗಿ ಅವನಿಗೆ 50 ಕುದುರೆ, 200 ಕಾಲಾಳುಗಳ ನಾಯಕತ್ವ ಸಿಕ್ಕಿತು. ಹೈದರ್ ಅಲಿ ಮೇಲೇರಿದ್ದು ಈ ಗೋಡೆಯ ಬುಡದಿಂದ. ಮರುವರ್ಷ ಇಲ್ಲೇ ಅವನಿಗೆ ಮಗ ಹುಟ್ಟಿದ. ಕೋಟೆಯ ಹೊರಗೆ ಸ್ವಲ್ಪ ದೂರದಲ್ಲಿ ನಾಲ್ಕು ಕಂಬಗಳ ಸಣ್ಣ ಕಲ್ಲುಮಂಟಪ, ಅದರಲ್ಲಿ ಟಿಪ್ಪು ಹುಟ್ಟಿದ ಜಾಗವೆಂದು ಹೇಳುವ ಕಲ್ಲುಹಲಗೆ ಇವೆ. ದಾರಿ ಕೇಳಿದರೆ ಯಾರಾದರೂ ಕೈತೋರಿಸುತ್ತಾರೆ. ಅಷ್ಟು ಚಿಕ್ಕ ಜಾಗ, ಅಷ್ಟು ದೊಡ್ಡ ಸದ್ದು.

ಈಗ ಹಡಗಿನ ಕಥೆ.

1782ರ ವಸಂತ. ಅಮೆರಿಕದ ಹದಿಮೂರು ವಸಾಹತುಗಳು ಬ್ರಿಟನ್ನಿನ ವಿರುದ್ಧ ದಂಗೆಯೆದ್ದು ಏಳನೆಯ ವರ್ಷ. ಫಿಲಡೆಲ್ಫಿಯಾದ ವ್ಯಾಪಾರಿ ಹಡಗುಗಳನ್ನು ಬ್ರಿಟಿಷ್ ನೌಕೆಗಳು ಡೆಲವೇರ್ ಕೊಲ್ಲಿಯಲ್ಲಿ ಒಂದೊಂದಾಗಿ ನುಂಗುತ್ತಿದ್ದವು. ಪೆನ್ಸಿಲ್ವೇನಿಯಾ ರಾಜ್ಯ ಸರಕು ಹಡಗೊಂದಕ್ಕೆ ಆರು ಪೌಂಡಿನ ಗುಂಡು ಹಾರಿಸುವ 16 ತೋಪುಗಳನ್ನು ಕೂರಿಸಿತು. ಹಡಗಿನ ಹೆಸರು ‘ಹೈದರ್ ಅಲಿ’. ಅದರ ಕಪ್ತಾನ ಜೋಶುವಾ ಬಾರ್ನಿಗೆ 22 ವರ್ಷ. ಏಪ್ರಿಲ್ 8ರಂದು ಎದುರಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ನೌಕೆಯಲ್ಲಿ ಒಂಬತ್ತು ಪೌಂಡಿನ 20 ತೋಪು, ಹೆಚ್ಚು ಜನ. ಬಾರ್ನಿ ಚುಕ್ಕಾಣಿ ಹಿಡಿದವನಿಗೆ ಮೊದಲೇ ಕಿವಿಮಾತು ಹೇಳಿದ್ದ: ನಾನು ಕೂಗಿ ಹೇಳಿದ್ದಕ್ಕೆ ನೇರ ವಿರುದ್ಧವಾಗಿ ತಿರುಗಿಸು. ಶತ್ರು ಹತ್ತಿರ ಬರುತ್ತಲೇ ಅವನಿಗೂ ಕೇಳುವಂತೆ ಗಟ್ಟಿಯಾಗಿ ಆಜ್ಞೆ ಕೊಟ್ಟ. ಅದನ್ನು ನಂಬಿ ಬ್ರಿಟಿಷ್ ಕಪ್ತಾನ ತನ್ನ ಹಡಗು ಹೊರಳಿಸಿದ. ‘ಹೈದರ್ ಅಲಿ’ ಅತ್ತ ಹೊರಳುವ ಬದಲು ಇತ್ತ ಹೊರಳಿತು, ಎರಡರ ಹಗ್ಗ ಪಟಗಳು ತೊಡರಿಕೊಂಡವು, ‘ಜನರಲ್ ಮಂಕ್’ನ ತೋಪುಗಳು ಗುರಿ ಹಿಡಿಯಲಾರದ ಕೋನದಲ್ಲಿ ಸಿಕ್ಕಿಬಿದ್ದವು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಕವಿ ಫಿಲಿಪ್ ಫ್ರೆನೋ ಈ ಗೆಲುವಿನ ಮೇಲೆ ಪದ್ಯ ಬರೆದ.

ಡೆಲವೇರ್ ಕೊಲ್ಲಿಯ ನಾವಿಕರಿಗೆ ದೇವನಹಳ್ಳಿಯ ಸವಾರನ ಹೆಸರು ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕುತ್ತ ಹೋದ ಹಾಗೆ ನನಗೆ ಮೈ ಜುಮ್ಮೆಂದಿತು. ಬರೀ ಹೆಸರಿನ ನಂಟಾಗಿರಲಿಲ್ಲ ಅದು. ಅಮೆರಿಕದ ಯುದ್ಧ, ಇಂಗ್ಲಿಷರೊಡನೆ ಹೈದರ್ ಮಾಡಿದ ಯುದ್ಧ, ಎರಡರ ಬೇರುಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದವು.

1768ರ ಆಗಸ್ಟಿನಲ್ಲಿ ಹೊಸಕೋಟೆಯ ಬಯಲಿನಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ಮತ್ತು ಅವರ ಜೊತೆಗಾರ ಮುರಾರಿರಾಯನ ಪಡೆಯ ಮೇಲೆ ಹೈದರ್ ರಾತ್ರಿ ಹೊತ್ತು ಎರಗಿದ. ಆ ರಾತ್ರಿ ಅವನಿಗೆ ಗೆಲುವು ಸಿಗಲಿಲ್ಲ. ಆದರೆ ಮುಂದಿನ ವರ್ಷದ ವಸಂತದಲ್ಲಿ ಅವನ ಕುದುರೆಗಳು ಮದರಾಸಿನ ಬಾಗಿಲಲ್ಲಿದ್ದವು, ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಅವನು ಹೇಳಿದ ಕರಾರಿಗೆ ಸಹಿ ಹಾಕಿತು. ಸುದ್ದಿ ಲಂಡನ್ ತಲುಪುತ್ತಲೇ ಕಂಪನಿಯ ಷೇರು ಕುಸಿಯಿತು. ಆಮೇಲೆ ಬಂಗಾಳದ ಬರ, ಲಂಡನ್ ಬ್ಯಾಂಕುಗಳ ಬಿಕ್ಕಟ್ಟು, ಮಾರಾಟವಾಗದೆ ಉಗ್ರಾಣದಲ್ಲಿ ಕೊಳೆಯುತ್ತಿದ್ದ ಚಹಾ. ಕಂಪನಿಯನ್ನು ಉಳಿಸಲೆಂದು ಬ್ರಿಟಿಷ್ ಪಾರ್ಲಿಮೆಂಟು 1773ರಲ್ಲಿ ಚಹಾ ಕಾಯ್ದೆ ಮಾಡಿತು. ಆ ಚಹಾವನ್ನು ಅಮೆರಿಕದ ವಸಾಹತುಗಳಲ್ಲಿ ಕಂಪನಿಯೇ ನೇರ ಮಾರಬಹುದು, ಆದರೆ ಅದರ ಮೇಲಿನ ತೆರಿಗೆ ಮಾತ್ರ ಹಾಗೇ ಇರುತ್ತದೆ. ನಮ್ಮನ್ನು ಪ್ರತಿನಿಧಿಸದ ಸಭೆಗೆ ನಮ್ಮ ಮೇಲೆ ತೆರಿಗೆ ಹಾಕುವ ಅಧಿಕಾರ ಎಲ್ಲಿಂದ ಬಂತು ಎಂಬುದು ವಸಾಹತಿನವರ ಪ್ರಶ್ನೆ. ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರುಪಾಲಾಯಿತು. ಹೈದರನೇ ಇದಕ್ಕೆಲ್ಲ ಕಾರಣ ಎನ್ನುವುದು ಉತ್ಪ್ರೇಕ್ಷೆ. ಆದರೆ ಬಾಸ್ಟನ್ನಿಗೂ ಮದರಾಸಿಗೂ ಎದುರಾಳಿ ಒಬ್ಬನೇ ಎಂಬುದು ಆಗಿನವರಿಗೇ ಹೊಳೆದಿತ್ತು. ಪೆನ್ಸಿಲ್ವೇನಿಯಾದ ಜಾನ್ ಡಿಕಿನ್ಸನ್ ಆ ವರ್ಷವೇ ಬರೆದ ಪತ್ರದಲ್ಲಿ, ಏಷ್ಯಾದಲ್ಲಿ ಈ ಕಂಪನಿ ಜನರನ್ನು ಹೇಗೆ ಸುಲಿಯಿತು ನೋಡಿ, ನಾಳೆ ನಮಗೂ ಇದೇ ಗತಿ ಎಂದು ಎಚ್ಚರಿಸಿದ್ದ.

ಆಮೇಲಿನ ಕೊಂಡಿಯಂತೂ ಇನ್ನೂ ನೇರ. 1778ರಲ್ಲಿ ಫ್ರಾನ್ಸ್ ಅಮೆರಿಕನ್ನರ ಜೊತೆ ಕೈಜೋಡಿಸಿತು. ಆದ್ದರಿಂದ ಭಾರತದಲ್ಲಿದ್ದ ಫ್ರೆಂಚರ ನೆಲೆಗಳ ಮೇಲೆ ಇಂಗ್ಲಿಷರು ಬಿದ್ದರು. 1779ರಲ್ಲಿ ಮಲಬಾರಿನ ಮಾಹೆಯನ್ನು ಹಿಡಿದರು. ಹೈದರನಿಗೆ ಯುದ್ಧಸಾಮಗ್ರಿ ಬರುತ್ತಿದ್ದ ಬಂದರು ಅದು. 1780ರ ಜುಲೈನಲ್ಲಿ ಅವನ ದಂಡು ಘಟ್ಟ ಇಳಿಯಿತು, ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನುಚ್ಚುನೂರಾಯಿತು. ಭಾರತದಲ್ಲಿ ಇಂಗ್ಲಿಷರು ಅಲ್ಲಿಯವರೆಗೆ ಅಂಥ ಸೋಲು ಕಂಡಿರಲಿಲ್ಲ. ಅಟ್ಲಾಂಟಿಕ್ಕಿನ ಆಚೆ ದಡದಲ್ಲಿ ಆ ಸುದ್ದಿ ಓದಿದವರಿಗೆ ತಮ್ಮ ಹಡಗಿಗೆ ಹೆಸರು ಹುಡುಕುವುದು ಕಷ್ಟವಾಗಿರಲಿಕ್ಕಿಲ್ಲ.

‘ಹೈದರ್ ಅಲಿ’ ನೌಕೆ ಗೆದ್ದ ಎಂಟು ತಿಂಗಳಿಗೆ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ಬೀಡಿನಲ್ಲಿ ಹೈದರ್ ತೀರಿಕೊಂಡ. ಆ ಹಡಗು ಹಿಡಿದ ‘ಜನರಲ್ ಮಂಕ್’ಗೆ ಅಮೆರಿಕನ್ನರು ‘ಜನರಲ್ ವಾಷಿಂಗ್ಟನ್’ ಎಂದು ಹೆಸರಿಟ್ಟರು. 1783ರ ಮಾರ್ಚಿನಲ್ಲಿ ಬ್ರಿಟನ್ನಿನೊಡನೆ ಶಾಂತಿಯ ಕರಾರು ಕುದುರಿದ ಸುದ್ದಿಯನ್ನು ಫ್ರಾನ್ಸಿನಿಂದ ಫಿಲಡೆಲ್ಫಿಯಾಕ್ಕೆ ಹೊತ್ತು ತಂದದ್ದು ಅದೇ ಹಡಗು, ಅದೇ ಬಾರ್ನಿ.

ಕೊತ್ತಲದ ಮೇಲೆ ಬಿಸಿಲೇರಿತ್ತು. ನಂದಿಬೆಟ್ಟದ ಕಡೆಗೇ ಕಣ್ಣು ಹೋಗುತ್ತಿತ್ತು, ಯಾಕೆಂದರೆ ಈ ಕಥೆಯ ಇನ್ನೊಬ್ಬ ಪಾತ್ರಧಾರಿ ಆ ಬೆಟ್ಟದ ನೆರಳಿನಲ್ಲಿದ್ದಾನೆ. 1781ರ ಅಕ್ಟೋಬರ್ 19ರಂದು ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಸೇನೆಗೆ ಬ್ರಿಟಿಷ್ ದಂಡು ಶರಣಾಯಿತು. ಅದರ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್ ಮೈಗೆ ಹುಷಾರಿಲ್ಲವೆಂದು ಹೇಳಿ, ಕತ್ತಿ ಒಪ್ಪಿಸಲು ತನ್ನ ಕೈಕೆಳಗಿನವನನ್ನು ಕಳಿಸಿದ. ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಹಿಡಿದ. ಅಲ್ಲಿಂದ ಬಡಗಣ ದಿಕ್ಕಿಗೆ ನಡೆದಾಗ ದಾರಿಯಲ್ಲಿ ಸಿಕ್ಕ ಈ ದೇವನಹಳ್ಳಿಯೂ ಅವನ ವಶವಾಯಿತು. ಅಕ್ಟೋಬರ್ 19ರಂದು, ಯಾರ್ಕ್‌ಟೌನಿನ ಶರಣಾಗತಿಗೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಬೆಳದಿಂಗಳಲ್ಲಿ ಅವನ ಪಡೆ ನಂದಿದುರ್ಗದ ಗೋಡೆ ಒಡೆದು ಒಳನುಗ್ಗಿತು. ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯಿತು.

ಒಂದು ದಡದಲ್ಲಿ ಸೋತವನು ಇನ್ನೊಂದು ದಡದಲ್ಲಿ ಗೆದ್ದ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕಿಂತ ಹೆಚ್ಚಾಗಿ ಆ 1791ರ ಡಿಸೆಂಬರ್ ತಿಂಗಳು. ಸಾವನದುರ್ಗ ಬೀಳುವುದಕ್ಕೆ ಆರು ದಿನ ಮೊದಲು, ಡಿಸೆಂಬರ್ 15ರಂದು, ವರ್ಜೀನಿಯಾ ರಾಜ್ಯ ಒಪ್ಪಿಗೆ ಕೊಡುವುದರೊಂದಿಗೆ ಅಮೆರಿಕದ ಸಂವಿಧಾನಕ್ಕೆ ಮೊದಲ ಹತ್ತು ತಿದ್ದುಪಡಿಗಳು ಸೇರಿದವು. ಕಾರ್ನ್‌ವಾಲಿಸನನ್ನು ಹೊರಗಟ್ಟಿದ ಜನ ಆ ಹೊತ್ತಿಗೆ ಇನ್ನೊಂದು ಕೆಲಸದಲ್ಲಿ ಮುಳುಗಿದ್ದರು. ನಾವೇ ಕಟ್ಟಿಕೊಂಡ ಸರ್ಕಾರವೂ ನಾಳೆ ನಮ್ಮ ಮೇಲೆ ಬೀಳಬಹುದಲ್ಲ, ಅದಕ್ಕೆ ಬೇಲಿ ಎಲ್ಲಿ ಎಂಬ ಯೋಚನೆ.

1787ರ ಬೇಸಿಗೆಯಲ್ಲಿ 55 ಮಂದಿ ಫಿಲಡೆಲ್ಫಿಯಾದಲ್ಲಿ ಕೂಡಿ ಬರೆದ ಆ ಸಂವಿಧಾನಕ್ಕೆ ಕೊನೆಗೆ ಸಹಿ ಹಾಕಿದವರು 39. ಏಳೇ ವಿಧಿಗಳ ಚಿಕ್ಕ ಬರಹ. ಕಾನೂನು ಮಾಡುವವರು ಒಬ್ಬರು, ಜಾರಿ ಮಾಡುವವರು ಇನ್ನೊಬ್ಬರು, ವ್ಯಾಜ್ಯ ತೀರ್ಮಾನಿಸುವವರು ಮತ್ತೊಬ್ಬರು. ಒಬ್ಬರ ಕೈ ಉದ್ದವಾದರೆ ಇನ್ನೊಬ್ಬರು ಹಿಡಿಯಬೇಕು. ಅಧ್ಯಕ್ಷ ಕಾಂಗ್ರೆಸ್ಸಿನ ಮಸೂದೆಯನ್ನು ತಡೆಯಬಹುದು, ಕಾಂಗ್ರೆಸ್ಸು ಮೂರರಲ್ಲಿ ಎರಡು ಪಾಲು ಮತದಿಂದ ಆ ತಡೆಯನ್ನು ಮೀರಬಹುದು. ರಾಜ್ಯಗಳಿಗೆ ಸೇರಿದ್ದನ್ನು ಕೇಂದ್ರ ಮುಟ್ಟುವ ಹಾಗಿಲ್ಲ. ಇಷ್ಟೆಲ್ಲ ಇದ್ದರೂ ವರ್ಜೀನಿಯಾದ ಜಾರ್ಜ್ ಮೇಸನ್, ಇದರಲ್ಲಿ ಪ್ರಜೆಗಳ ಹಕ್ಕುಗಳನ್ನು ಬರೆದಿಲ್ಲವೆಂದು ಸಹಿ ಹಾಕದೆ ಎದ್ದುಹೋದ. ಆ ಹಟ ಗೆದ್ದಿತು. ಆ ಹತ್ತರಲ್ಲಿ ಮೊದಲನೆಯದು ಮಾತು, ಪತ್ರಿಕೆ, ಧರ್ಮಾಚರಣೆ, ಶಾಂತಿಯಿಂದ ಸಭೆ ಸೇರಿ ಸರ್ಕಾರಕ್ಕೆ ಅಹವಾಲು ಹೇಳುವ ಹಕ್ಕು. ಐದನೆಯದರ ಕೊನೆಯಲ್ಲಿ ಒಂದು ಪುಟ್ಟ ಕರಾರು: ಸಾರ್ವಜನಿಕ ಉಪಯೋಗಕ್ಕೆಂದು ಯಾರದೇ ಆಸ್ತಿ ತೆಗೆದುಕೊಂಡರೂ ನ್ಯಾಯವಾದ ಬೆಲೆ ಕೊಟ್ಟೇ ತೆಗೆದುಕೊಳ್ಳಬೇಕು.

ಆ ಬರಹದ ‘ನಾವು, ಪ್ರಜೆಗಳು’ ಎಂಬುದರೊಳಗೆ ಹೊಲದಲ್ಲಿ ದುಡಿಯುತ್ತಿದ್ದ ಕರಿಯ ಗುಲಾಮರು ಇರಲಿಲ್ಲ. ಪ್ರತಿನಿಧಿಗಳ ಲೆಕ್ಕಕ್ಕೆ ಅವರಲ್ಲಿ ಐವರನ್ನು ಮೂವರೆಂದು ಎಣಿಸಲಾಯಿತು, ಮತ ಮಾತ್ರ ಇಲ್ಲ. ಹೆಂಗಸರು ಇರಲಿಲ್ಲ, ಆ ನೆಲದ ಮೂಲ ಜನ ಇರಲಿಲ್ಲ. ಗುಲಾಮಗಿರಿ ಅಳಿಸಲು 1865ರ ತನಕ, ಅಂತರ್ಯುದ್ಧದಲ್ಲಿ ಲಕ್ಷಗಟ್ಟಲೆ ಜನ ಸಾಯುವ ತನಕ ಕಾಯಬೇಕಾಯಿತು. ಅಂದ ಮೇಲೆ ಆ ಬರಹವನ್ನು ಪೂಜೆಗಿಡುವುದು ನನ್ನಿಂದಾಗದು. ಆದರೂ ನಮ್ಮ ನೆಲದ ದೊರೆಗಳು, ಪಾಳೆಗಾರರು, ಕಂಪನಿಯವರು ಈ ಕೋಟೆಯನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದ ಆ ವರ್ಷಗಳಲ್ಲಿ, ಆಳುವವರ ಕೈಗೆ ಕಟ್ಟುಹಾಕುವ ಮಾತನ್ನು ಕಾಗದದ ಮೇಲೆ ಬರೆದು ಅದಕ್ಕೇ ದೇಶದ ದೊಡ್ಡ ಕಾನೂನಿನ ಸ್ಥಾನ ಕೊಟ್ಟರಲ್ಲ, ಅದು ನನಗೆ ಈಗಲೂ ಬೆರಗು.

ದೇವನಹಳ್ಳಿಯಿಂದ ಪೂರ್ವಕ್ಕೆ ಹೊರಟೆ. ಪೇಟೆ ಮುಗಿಯುತ್ತಲೇ ಕೆಂಪು ನೆಲ, ರಾಗಿ ಹೊಲ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ. ನಲ್ಲೂರಿನ ಹುಣಸೆ ತೋಪಿನಲ್ಲಿ ಇಳಿದುಕೊಂಡೆ. 54 ಎಕರೆಯ ಈ ತೋಪಿಗೆ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮನ್ನಣೆ ಸಿಕ್ಕಿತು. ಕಾಂಡ ಟೊಳ್ಳಾಗಿ ಇಬ್ಬರು ಒಳಗೆ ನಿಲ್ಲುವಷ್ಟು ಬಾಯಿ ಬಿಟ್ಟ ಮರಗಳು, ತಿರುಚಿದ ಬೇರು, ಮಧ್ಯೆ ಮಧ್ಯೆ ಪಾಳುಬಿದ್ದ ಗುಡಿಯ ಕಲ್ಲು. ಮುಟ್ಟಿದರೆ ತೊಗಟೆ ತಣ್ಣಗಿತ್ತು, ಮೇಲೆ ಎಳೆ ಚಿಗುರು ಹುಳಿಹುಳಿಯಾಗಿ ಹೊಳೆಯುತ್ತಿತ್ತು. ಹೈದರ್ ಈ ದಾರಿಯಲ್ಲಿ ಕುದುರೆ ಓಡಿಸಿದ್ದರೆ ಇವುಗಳಲ್ಲಿ ಹಿರಿಯ ಮರಗಳು ಅವನಿಗೂ ನೆರಳು ಕೊಟ್ಟಿರಬೇಕು. ಅಷ್ಟು ಹೊತ್ತು ಅಲ್ಲಿ ಕೂತೆ ಎಂದರೆ ಬಸ್ಸು ತಪ್ಪಿತು, ಹಾಲಿನ ಡೇರಿಗೆ ಹೊರಟಿದ್ದ ಒಬ್ಬರು ಬೈಕಿನಲ್ಲಿ ಕೂರಿಸಿಕೊಂಡು ಮುಂದಕ್ಕೆ ಬಿಟ್ಟರು.

ಚನ್ನರಾಯಪಟ್ಟಣ ಹೋಬಳಿಗೆ ಬಂದದ್ದು ಬೇರೆ ಕಾರಣಕ್ಕೆ. ಇಲ್ಲಿನ 13 ಹಳ್ಳಿಗಳ 1,777 ಎಕರೆಯನ್ನು ರಕ್ಷಣಾ ಮತ್ತು ವೈಮಾನಿಕ ಕೈಗಾರಿಕೆಗಳ ಪಾರ್ಕಿಗೆಂದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮೂಲಕ ತೆಗೆದುಕೊಳ್ಳಲು ಸರ್ಕಾರ ಹೊರಟಿತ್ತು. ಹರಳೂರು, ಪೋಲನಹಳ್ಳಿ, ಮಟ್ಟಬಾರ್ಲು ಮುಂತಾದ ಊರುಗಳ ರೈತರು 2022ರ ಏಪ್ರಿಲ್ 4ರಂದು ಧರಣಿ ಕೂತರು. ಎದ್ದದ್ದು 1,198ನೆಯ ದಿನಕ್ಕೆ. ನಡುವೆ ಸರ್ಕಾರ ಬದಲಾಯಿತು, ಮಂತ್ರಿಗಳು ಬದಲಾದರು. 2025ರ ಜೂನ್ 25ರಂದು ದೇವನಹಳ್ಳಿ ಚಲೋ ನಡೆದಾಗ ಪೊಲೀಸರು ಹೋರಾಟಗಾರರನ್ನು ವ್ಯಾನಿಗೆ ಹತ್ತಿಸಿದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು.

ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಸೊಪ್ಪು ಕಟ್ಟುತ್ತಿದ್ದ ಒಬ್ಬ ಅಜ್ಜಿ ಮಾತಿಗೆ ಸಿಕ್ಕರು.

“ಎಲ್ಲಿಂದ ಬಂದೆ ಮಗ? ಕೂತ್ಕೋ ಬಾ ನೆಳ್ಳಲ್ಲಿ.”

“ನೀವೂ ಧರಣಿಗೆ ಹೋಗ್ತಿದ್ರಾ ಅಜ್ಜಿ?”

“ಹೋಗ್ದೆ? ಸೊಪ್ಪು ಕುಯ್ದು ಹುಳಕ್ಕೆ ಹಾಕ್ಬುಟ್ಟು ಹೋಗ್ತಿದ್ವಿ. ಸಂಜೆಗಂಟ ಕೂತ್ಕೊಂಡು ಹಾಲು ಕರ್ಯೋ ಹೊತ್ಗೆ ಬರ್ತಿದ್ವಿ. ನಂಗೆ ಓದಕ್ ಬರಲ್ಲ ಕಣಪ್ಪ. ನೋಟೀಸು ಬಂದಾಗ ಮೊಮ್ಮಗ ಓದ್ದ. ಸರ್ವೆ ನಂಬರು ನಮ್ದೇ. ಹೊಲ ಕೊಡಲ್ಲ ಅಂದ್ವಿ. ಮೂರು ವರ್ಷವೂ ಅದೊಂದೇ ಮಾತು ನಾವಾಡಿದ್ದು.”

ಅಜ್ಜಿ ಮತ್ತೆ ಸೊಪ್ಪಿನ ಕಡೆ ತಿರುಗಿದರು. ಫಿಲಡೆಲ್ಫಿಯಾದ ಆ ಬರಹ ಇಷ್ಟು ದೂರ ಹೇಗೆ ನಡೆದು ಬಂತು ಎಂದು ನಾನು ಮನಸ್ಸಿನಲ್ಲೇ ದಾರಿ ಹುಡುಕುತ್ತಿದ್ದೆ. ಅದರಲ್ಲಿ ಒಂದು ದಾರಿ ಮಂಗಳೂರಿನದು. ಅಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು. 1947ರ ಕೊನೆಯ ತಿಂಗಳುಗಳಲ್ಲಿ ಅವರು ಕರಡು ಕಟ್ಟಿಕೊಂಡು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿದರು. ವಾಷಿಂಗ್ಟನ್ನಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ರಾವ್ ಅವರಿಗೆ ಒಂದು ಎಚ್ಚರಿಕೆ ಹೇಳಿದರು. ಅಮೆರಿಕದ ಐದನೆಯ ತಿದ್ದುಪಡಿಯಲ್ಲಿ, ಕಾನೂನಿನ ನ್ಯಾಯಸಮ್ಮತ ಕ್ರಮವಿಲ್ಲದೆ ಯಾರ ಪ್ರಾಣ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯುವಂತಿಲ್ಲ ಎಂದಿದೆ. ಅಂತರ್ಯುದ್ಧದ ನಂತರ ಹದಿನಾಲ್ಕನೆಯ ತಿದ್ದುಪಡಿ ಅದೇ ಕಟ್ಟನ್ನು ರಾಜ್ಯಗಳಿಗೂ ಹಾಕಿತ್ತು. ಆ ಮಾತುಗಳನ್ನು ಹಿಡಿದು ಅಮೆರಿಕದ ನ್ಯಾಯಾಧೀಶರು ಕೂಲಿಗಾರರ ದುಡಿಮೆಯ ಗಂಟೆ ಇಳಿಸುವ ಕಾನೂನುಗಳನ್ನೂ ಹೊಡೆದುಹಾಕಿದ್ದರು. ಚುನಾಯಿತರ ಕೆಲಸವನ್ನು ಬೆರಳೆಣಿಕೆಯ ನ್ಯಾಯಾಧೀಶರು ಕೆಡಿಸುವ ದಾರಿ ನಿಮಗೆ ಬೇಡ ಎಂಬುದು ಅವರ ಸಲಹೆ. ರಾವ್ ಒಪ್ಪಿದರು. ನಮ್ಮ 21ನೆಯ ವಿಧಿಯಲ್ಲಿ ಅಮೆರಿಕದ ಮಾತಿನ ಬದಲು, ಕಾನೂನು ಗೊತ್ತುಪಡಿಸಿದ ಕ್ರಮ ಇದ್ದರೆ ಸಾಕು ಎಂಬ ಮಾತು ಬಂತು. ಆ ಕ್ರಮ ನ್ಯಾಯಯುತವೂ ಆಗಿರಬೇಕು ಎಂದು ನಮ್ಮ ಸುಪ್ರೀಂ ಕೋರ್ಟು ಹೇಳಲು 1978ರ ಮೇನಕಾ ಗಾಂಧಿ ಪ್ರಕರಣ ಬರಬೇಕಾಯಿತು.

ಇನ್ನೊಂದು ದಾರಿ ಅಂಬೇಡ್ಕರ್ ಅವರದು. 1913ರಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅವರು ಕರಡು ಸಮಿತಿಯ ಅಧ್ಯಕ್ಷರಾದರು. ಗುಲಾಮಗಿರಿ ಅಳಿದ ಮೇಲೆ ಅಮೆರಿಕ 1868ರಲ್ಲಿ ಬರೆದುಕೊಂಡ ಹದಿನಾಲ್ಕನೆಯ ತಿದ್ದುಪಡಿಯಲ್ಲಿರುವ ಕಾನೂನಿನ ಸಮಾನ ರಕ್ಷಣೆಯ ಮಾತು ನಮ್ಮ 14ನೆಯ ವಿಧಿಯಲ್ಲಿ ಕೂತಿದೆ. ಮೂರನೆಯ ದಾರಿ ಈ ಜಿಲ್ಲೆಯದೇ. 1938ರ ಶಿವಪುರ ಧ್ವಜ ಸತ್ಯಾಗ್ರಹದ ನಾಯಕ, ದೊಡ್ಡಬಳ್ಳಾಪುರದ ಟಿ. ಸಿದ್ದಲಿಂಗಯ್ಯ ಮೈಸೂರಿನ ಪ್ರತಿನಿಧಿಯಾಗಿ ಸಂವಿಧಾನ ಸಭೆಯಲ್ಲಿ ಕೂತಿದ್ದರು. ಅಲ್ಲಿಯ ತನಕ ಮೈಸೂರಿನ ಜನಕ್ಕೆ ಇದ್ದದ್ದು 1881ರಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆ. ದಸರೆಗೆ ಸೇರಿ, ಅಹವಾಲು ಹೇಳಿ, ದಿವಾನರ ಉತ್ತರ ಕೇಳಿ ಮರಳುವ ಸಭೆ. ಕೇಳುವ ಹಕ್ಕಿತ್ತು, ಕೇಳಿದ್ದು ಆಗಲೇಬೇಕೆನ್ನುವ ಬಲ ಇರಲಿಲ್ಲ.

ಇಲ್ಲಿ ನನಗೆ ಕಾಡುವ ಒಂದು ಸಂಗತಿ ಇದೆ. ಚನ್ನರಾಯಪಟ್ಟಣದ ರೈತರನ್ನು ಕಾಪಾಡಿದ್ದು ಆಸ್ತಿಯ ಹಕ್ಕಲ್ಲ. ನಮ್ಮಲ್ಲಿ ಆಸ್ತಿ ಮೂಲಭೂತ ಹಕ್ಕಾಗಿ ಉಳಿದಿಲ್ಲ, 1978ರ 44ನೆಯ ತಿದ್ದುಪಡಿ ಅದನ್ನು ತೆಗೆದು 300ಎ ಎಂಬ ವಿಧಿಗೆ ಇಳಿಸಿತು. ಕಾನೂನಿನ ಬಲವಿದ್ದರೆ ಸರ್ಕಾರ ನೆಲ ತೆಗೆದುಕೊಳ್ಳಬಹುದು, 1966ರ ಕೆಐಎಡಿಬಿ ಕಾಯ್ದೆ ಆ ಬಲ ಕೊಡುತ್ತದೆ. ರೈತರ ಬಾಯಲ್ಲಿ ‘ಇಪ್ಪತ್ತೆಂಟು ಒಂದು’, ‘ಇಪ್ಪತ್ತೆಂಟು ನಾಲ್ಕು’ ಎಂದು ಓಡಾಡುವ ನೋಟೀಸುಗಳೆಲ್ಲ ಅದರವೇ. ಹಾಗಾದರೆ ಅಮೆರಿಕದ ಐದನೆಯ ತಿದ್ದುಪಡಿ ಇದ್ದಿದ್ದರೆ ಇವರು ಧರಣಿ ಕೂರದೆ ಗೆಲ್ಲುತ್ತಿದ್ದರೇ? ಅದೂ ಇಲ್ಲ. ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನಲ್ಲಿ ಸೂಸೆಟ್ ಕೀಲೋ ಎಂಬ ನರ್ಸ್ ತನ್ನ ಪುಟ್ಟ ಮನೆಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಊರಿನ ಅಭಿವೃದ್ಧಿಗೆಂದು, ಖಾಸಗಿ ಹೂಡಿಕೆಗೆಂದು ಆ ಜಾಗ ಬೇಕಿತ್ತು. 2005ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ, ಆರ್ಥಿಕ ಅಭಿವೃದ್ಧಿಯೂ ಸಾರ್ವಜನಿಕ ಉಪಯೋಗವೇ ಎಂದಿತು. ಮನೆ ಹೋಯಿತು. ಹತ್ತಿರದಲ್ಲೇ ಇದ್ದ ದೊಡ್ಡ ಔಷಧ ಕಂಪನಿ ಕೆಲವೇ ವರ್ಷಗಳಲ್ಲಿ ಊರು ಬಿಟ್ಟಿತು, ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಆ ತೀರ್ಪಿನ ಮೇಲೆ ದೇಶದುದ್ದಕ್ಕೂ ಎದ್ದ ಸಿಟ್ಟಿಗೆ ಮಣಿದು ನಲವತ್ತಕ್ಕೂ ಹೆಚ್ಚು ರಾಜ್ಯಗಳು ತಮ್ಮ ಭೂಸ್ವಾಧೀನದ ಕಾನೂನು ಬಿಗಿ ಮಾಡಿದವು. ಅಲ್ಲಿಯೂ ಕೊನೆಗೆ ಕೆಲಸ ಮಾಡಿದ್ದು ಐದನೆಯದಲ್ಲ, ಮೊದಲನೆಯದು: ಸಭೆ ಸೇರುವ, ಅಹವಾಲು ಹೇಳುವ ಹಕ್ಕು. ನಮ್ಮ ಸಂವಿಧಾನದ 19ನೆಯ ವಿಧಿಯಲ್ಲಿ ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕೆಂದು ಬರೆದಿರುವುದೂ ಅದೇ. ಓದಲು ಬಾರದ ಆ ಅಜ್ಜಿ ಅದನ್ನು ದಿನಾ ಸೊಪ್ಪು ಕೊಯ್ದ ಮೇಲೆ ಬಳಸಿಕೊಂಡರು.

ಬಾರ್ನಿಯ ಕಥೆಯಲ್ಲಿ ಒಂದು ತಿರುವು ಹೇಳುವುದು ಉಳಿದಿತ್ತು. ಟಿಪ್ಪುವಿನ ಸೈನ್ಯದ ಕಬ್ಬಿಣದ ಕೊಳವೆಯ ಬಾಣಗಳನ್ನು ಇಂಗ್ಲಿಷರು 1799ರಲ್ಲಿ ಶ್ರೀರಂಗಪಟ್ಟಣದಿಂದ ಲಂಡನ್ನಿಗೆ ಒಯ್ದರು. ಅವುಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ. ಬ್ರಿಟನ್ ಮತ್ತು ಅಮೆರಿಕ ಮತ್ತೆ ಯುದ್ಧಕ್ಕಿಳಿದಿದ್ದಾಗ, 1814ರ ಆಗಸ್ಟ್ 24ರಂದು, ವಾಷಿಂಗ್ಟನ್ನಿನ ಹೊರಗೆ ಬ್ಲೇಡನ್ಸ್‌ಬರ್ಗ್‌ನಲ್ಲಿ ಬ್ರಿಟಿಷರು ಆ ರಾಕೆಟ್ಟುಗಳನ್ನು ಹಾರಿಸಿದಾಗ ಅಮೆರಿಕದ ಹೊಸಬ ಸೈನಿಕರು ದಿಕ್ಕಾಪಾಲಾದರು. ಕೊನೆಯ ತನಕ ಕದಲದೆ ನಿಂತವರಲ್ಲಿ ಒಂದು ನಾವಿಕರ ತುಕಡಿ ಇತ್ತು. ತೊಡೆಗೆ ಗುಂಡು ತಗಲಿ ಸೆರೆಯಾದ ಅದರ ನಾಯಕ ಜೋಶುವಾ ಬಾರ್ನಿ. 22ರಲ್ಲಿ ಹೈದರನ ಹೆಸರಿನ ಹಡಗು ನಡೆಸಿದವನು 55ರಲ್ಲಿ ಹೈದರನ ಮಗನ ಬಾಣದ ಪೀಳಿಗೆಗೆ ಎದೆಕೊಟ್ಟ. ಮೂರು ವಾರದ ನಂತರ ಬಾಲ್ಟಿಮೋರಿನ ಕೋಟೆಯ ಮೇಲೆ ಅವೇ ರಾಕೆಟ್ಟುಗಳು ಸುರಿಯುವುದನ್ನು ಕಂಡ ವಕೀಲನೊಬ್ಬ ಬರೆದ ಪದ್ಯವೇ 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾಯಿತು. ಅದರಲ್ಲಿ ಆ ರಾಕೆಟ್ಟುಗಳ ಪ್ರಸ್ತಾಪ ಇದೆ. ಅಮೆರಿಕನ್ನರು ಹಾಡುವ ಗೀತೆಯೊಳಗೆ ನಮ್ಮ ಕಮ್ಮಾರರ ಕುಲುಮೆಯ ಕಿಡಿ ಕೂತಿದೆ!

ಸಂಜೆ ಚನ್ನರಾಯಪಟ್ಟಣದ ಟೀ ಅಂಗಡಿಯಲ್ಲಿ ಮಾತು ಬಿಸಿಯಾಗಿತ್ತು. ಸ್ವಾಧೀನ ಕೈಬಿಟ್ಟರೂ, ತಾವಾಗಿ ಜಮೀನು ಕೊಡುವವರಿಂದ ಒಳ್ಳೆ ಬೆಲೆಗೆ ಕೊಳ್ಳುತ್ತೇವೆ ಎಂದು ಸರ್ಕಾರ ಹೇಳಿತ್ತು. ಬೆಂಚಿನ ತುದಿಯಲ್ಲಿದ್ದ ಯಜಮಾನರೊಬ್ಬರು ಅದಕ್ಕೆ ಒಪ್ಪುವವರು. ಪಕ್ಕದಲ್ಲಿದ್ದ ತಮ್ಮ ಒಪ್ಪದವನು.

“ನಂಗೆ ಮೂರೆಕ್ರೆ ಸ್ವಾಮಿ. ಮಕ್ಳು ಬೆಂಗ್ಳೂರಲ್ಲವ್ರೆ, ಗೇಯೋರಿಲ್ಲ. ರೇಟು ಕುದುರುದ್ರೆ ಕೊಡ್ತೀನಿ.”

“ಅಣ್ಣ, ನೀನು ಕೊಟ್ರೆ ನನ್ ಹೊಲಕ್ಕೆ ದಾರಿ ಎಲ್ಲಿ? ಕಾಂಪೌಂಡ್ ಹಾಕ್ಬುಡ್ತಾರೆ.”

“ಅದಕ್ಕೇ ಮಾತಾಡ್ಕೊಳನ ಅಂತಿರೋದು. ಕೊಡೋದೋ ಬಿಡೋದೋ ನಾವ್ ನಾವೇ ಕೂತು ಹೇಳ್ಬೇಕು. ನೋಟೀಸು ಹೇಳೋದಲ್ಲ.”

ತಮ್ಮ ಸುಮ್ಮನಾಗಲಿಲ್ಲ. ಬಾವಿಯ ಪಾಲು, ಅಪ್ಪನ ಕಾಲದ ಬದು, ಪಹಣಿಯಲ್ಲಿ ಇನ್ನೂ ಬದಲಾಗದ ಹೆಸರು ಒಂದೊಂದಾಗಿ ಎದ್ದುಬಂದವು. ಅಂಗಡಿಯವನು ಎರಡನೆಯ ಸುತ್ತಿನ ಟೀ ಇಟ್ಟ. ಭಾನುವಾರ ಅಳತೆಗಾರನನ್ನು ಕರೆಸಿ ದಾರಿಯ ಗುಂಟೆ ಬಿಡಿಸಿಕೊಂಡು, ಆಮೇಲೆ ಮಿಕ್ಕದ್ದು ಮಾತಾಡುವುದೆಂದು ಅಣ್ಣತಮ್ಮಂದಿರ ನಡುವೆ ತೀರ್ಮಾನವಾಯಿತು.